ಬೆಣಚುಕಲ್ಲಿನ ಹುಡಿಗೆ ಬಗ್ಗದ ಚೂರಿ: ನಾಲ್ಕು ಅಗ್ಗದ ಅಲಗುಗಳ ರಿಪೇರಿ

ಮಳೆ ಹಿಡಿಯುವ ಮೊದಲು ತೋಟದ ಹತಾರುಗಳನ್ನು ಒಮ್ಮೆ ಹೊರಗೆ ಹಾಕಿ ನೋಡುವುದು ನಮ್ಮ ಬದಿಯಡ್ಕ ಕಡೆಯ ಮನೆಗಳಲ್ಲಿ ಇದ್ದದ್ದೇ. ಸ್ಪ್ರೇ ಪಂಪಿನ ವಾಷರು, ಕತ್ತಿಯ ಹಿಡಿ, ದೋಟಿಯ ಕೊಕ್ಕೆ ಎಲ್ಲ ಆದ ಮೇಲೆ ಈ ಸಲ ಕಿಸೆಯಲ್ಲಿ ಓಡಾಡುವ ಮಡಚುಚೂರಿಗಳನ್ನು ಕೈಗೆತ್ತಿಕೊಂಡೆ. ನಾಲ್ಕಿದ್ದವು, ನಾಲ್ಕೂ ಅಗ್ಗದವು.

ಒಂದು ಕುಂಬಳೆ ಬೆಡಿಯ, ಅಂದರೆ ಅಲ್ಲಿನ ಜಾತ್ರೆಯ, ಸಂತೆಯಲ್ಲಿ ಕೊಂಡದ್ದು. ಹಸಿರು ಪ್ಲಾಸ್ಟಿಕ್ ಹಿಡಿ, ಅಲಗಿನ ಮೇಲೆ ಬರೇ ‘ಸ್ಟೇನ್‌ಲೆಸ್ ಸ್ಟೀಲ್’ ಎಂಬ ಅಚ್ಚು. ಇನ್ನೊಂದು ಆನ್‌ಲೈನಿನಲ್ಲಿ ತರಿಸಿದ್ದು, ಅಲಗಿನ ಬುಡದಲ್ಲಿ 8ಸಿಆರ್13ಎಂಒವಿ ಎಂದು ಉಕ್ಕಿನ ಹೆಸರಿದೆ. ಮತ್ತೊಂದೂ ಆನ್‌ಲೈನೇ, ಅದು ಡಿ2 ಎಂಬ ಉಕ್ಕಿನದ್ದು. ಕೊನೆಯದು ಅಜ್ಜನ ಕಾಲದ್ದು: ಬೈನೆ ಮರದ ಹಿಡಿ, ಹಿತ್ತಾಳೆಯ ಆಣಿ, ಅಲಗು ಮಾತ್ರ ಅರ್ಧಕ್ಕೆ ಮುರಿದಿದೆ. ಹೋಲಿಸಿ ನೋಡಲೆಂದು, ಊರ ಆಚಾರಿಯವರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಟ್ಟ ಮನೆಯ ಕತ್ತಿಯನ್ನೂ ಪಕ್ಕದಲ್ಲಿಟ್ಟುಕೊಂಡೆ.

ಇವುಗಳಲ್ಲಿ ಹೆಚ್ಚು ದುಡ್ಡು ಕೊಟ್ಟದ್ದು ಡಿ2 ಚೂರಿಗೆ. ಮನೆಯಲ್ಲಿ ಯಾರಿಗೂ ಬೇಡವಾದದ್ದೂ ಅದೇ. “ಎಷ್ಟು ಮಸೆದ್ರೂ ಬಾಯಿ ಬರುದಿಲ್ಲ ಅಣ್ಣ, ಡುಪ್ಲಿಕೇಟ್ ಇರ್ಬೇಕು” ಅಂತ ತಮ್ಮ ಅದನ್ನು ಬದಿಗೆ ಹಾಕಿದ್ದ. ಡುಪ್ಲಿಕೇಟಾ ಅಲ್ಲವಾ ಎಂದು ನೋಡುವ ಹಟದಲ್ಲೇ ಈ ಕೆಲಸ ಇಷ್ಟು ಉದ್ದ ಬೆಳೆದದ್ದು.

ಅಚ್ಚಿನಲ್ಲಿರುವ ಅಂಕೆ

ಚೀನಾದ ಉಕ್ಕಿನ ಹೆಸರು ಓದುವುದು ಸುಲಭ. ಮೊದಲ ಅಂಕೆ ಇಂಗಾಲ, ಶೇಕಡಾ ಒಂದರ ಹತ್ತನೇ ಭಾಗದ ಲೆಕ್ಕದಲ್ಲಿ. 8 ಅಂದರೆ ಸುಮಾರು 0.8. ಸಿಆರ್ ಆದ ಮೇಲಿನ 13 ಅಂದರೆ ಶೇಕಡಾ 13 ಕ್ರೋಮಿಯಂ. ಎಂಒ, ವಿ ಅಂದರೆ ಮಾಲಿಬ್ಡಿನಂ ಮತ್ತು ವನೇಡಿಯಂ, ಇವು ಚಿಟಿಕೆಯಷ್ಟೇ. ಹಾಗೆ ನೋಡಿದರೆ 3ಸಿಆರ್13ರಲ್ಲಿ ಇಂಗಾಲ 0.3, 5ಸಿಆರ್15ರಲ್ಲಿ 0.5. ಈ ಲೆಕ್ಕಕ್ಕೆ ಸೇರದ ಬರೇ ‘440’ ಎಂಬ ಅಚ್ಚು ಇದ್ದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. 440ಎ ಉಕ್ಕಿನಲ್ಲಿ ಇಂಗಾಲ 0.60ರಿಂದ 0.75, 440ಸಿ ಉಕ್ಕಿನಲ್ಲಿ 0.95ರಿಂದ 1.20. ಸಿ ಹಾಕಿದವನು ಸಿ ಎಂದು ದೊಡ್ಡದಾಗಿ ಬರೆಯದೆ ಬಿಡುತ್ತಾನೆಯೇ?

ಇಂಗಾಲ ಹೆಚ್ಚಿದಷ್ಟೂ ಉಕ್ಕು ಗಡಸಾಗುವ ಶಕ್ತಿ ಪಡೆಯುತ್ತದೆ. ಕ್ರೋಮಿಯಂ ತುಕ್ಕು ತಡೆಯುತ್ತದೆ. ತೊಂದರೆ ಏನೆಂದರೆ, ಇವೆರಡಕ್ಕೂ ಒಂದನ್ನೊಂದು ಕಂಡರೆ ಬಿಡಲಾಗದ ಸೆಳೆತ. ಇಂಗಾಲ ಸಿಕ್ಕಿದಲ್ಲಿ ಕ್ರೋಮಿಯಂ ಅದರೊಡನೆ ಸೇರಿ ಕಾರ್ಬೈಡ್ ಎಂಬ ಗಟ್ಟಿ ಕಾಳುಗಳಾಗುತ್ತದೆ. ಕಾಳಿನೊಳಗೆ ಸಿಕ್ಕಿಕೊಂಡ ಕ್ರೋಮಿಯಂ ತುಕ್ಕು ತಡೆಯುವ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಎರಡರಲ್ಲೂ ಕ್ರೋಮಿಯಂ 13 ಎಂದಿದ್ದರೂ 3ಸಿಆರ್13ಕ್ಕಿಂತ 8ಸಿಆರ್13 ಬೇಗ ಕಲೆಗಟ್ಟುತ್ತದೆ. ಡಿ2ರಲ್ಲಿ ಕ್ರೋಮಿಯಂ 12 ಇದೆ, ಆದರೆ ಇಂಗಾಲವೂ 1.5 ಇದೆ. ಕ್ರೋಮಿಯಂನ ಸುಮಾರು ಅರ್ಧ ಕಾಳುಗಳಲ್ಲೇ ಖರ್ಚಾಗಿ ಹೋಗುವುದರಿಂದ ಡಿ2 ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಅದು ಮೂಲದಲ್ಲಿ ತಗಡು ಕತ್ತರಿಸುವ ಡೈಗಳಿಗೆಂದು ಮಾಡಿದ ಟೂಲ್ ಸ್ಟೀಲ್.

ಸಂತೆಯ ಚೂರಿಯದ್ದು ಯಾವ ಉಕ್ಕೆಂದು ಅಚ್ಚು ಹೇಳುವುದಿಲ್ಲ. ಇಂಥವುಗಳಿಗೆ ಸಾಮಾನ್ಯವಾಗಿ ಹಾಕುವುದು 420 ಇಲ್ಲವೇ 3ಸಿಆರ್13 ಜಾತಿಯದ್ದು. ವಂಶ ಮಾತ್ರ ದೊಡ್ಡದು. ಸ್ಟೇನ್‌ಲೆಸ್ ಉಕ್ಕಿನ ಮೊದಲಿಗರಲ್ಲೊಬ್ಬನಾದ ಇಂಗ್ಲೆಂಡಿನ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ 1913ರಲ್ಲಿ ಬಂದೂಕಿನ ನಳಿಗೆಯ ಸವೆತಕ್ಕೆ ಮದ್ದು ಹುಡುಕುತ್ತಾ ಎರಕ ಹೊಯ್ದ ಉಕ್ಕಿನಲ್ಲಿ ಕ್ರೋಮಿಯಂ 12.8, ಇಂಗಾಲ 0.24 ಇತ್ತು. ಸಂತೆಯ ಚೂರಿ ಅದರ ಮರಿಮಗ ಎನ್ನಬಹುದು.

ಮೈಲುತುತ್ತಿನ ಹನಿ, ಗ್ರೈಂಡರಿನ ಕಿಡಿ

ಅಚ್ಚನ್ನು ನಂಬದೆ ನೋಡುವ ದಾರಿಗಳು ನಮ್ಮ ಕೊಟ್ಟಿಗೆಯಲ್ಲೇ ಇವೆ. ಮೊದಲು ಅಯಸ್ಕಾಂತ. “ಒಳ್ಳೆ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುದಿಲ್ಲ” ಎಂಬ ಮಾತು ಅಡಿಗೆಮನೆಯ ಪಾತ್ರೆಗೆ ಸರಿ, ಚೂರಿಗೆ ಪೂರ್ತಿ ತಿರುವುಮುರುವು. ಪಾತ್ರೆಯ 304 ಜಾತಿಯ ಉಕ್ಕನ್ನು ಕಾಯಿಸಿ ಅದ್ದಿ ಗಡಸು ಮಾಡಲಾಗದು. ಗಡಸಾಗುವ ಚೂರಿಯ ಉಕ್ಕಿಗೆ ಅಯಸ್ಕಾಂತ ಹಿಡಿಯಲೇಬೇಕು. ಸಂತೆಯಲ್ಲಿ ಕೊಳ್ಳುವಾಗ ಕಿಸೆಯಲ್ಲೊಂದು ಅಯಸ್ಕಾಂತದ ಚೂರು ಇದ್ದರೆ ಪಾತ್ರೆ ತಗಡಿನ ಚೂರಿಗಳನ್ನು ಅಲ್ಲೇ ವಾಪಸು ಇಡಬಹುದು. ನಮ್ಮ ನಾಲ್ಕಕ್ಕೂ ಹಿಡಿಯಿತು.

ಆಮೇಲೆ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಿಡುವ ಮನೆಯಲ್ಲಿ ಅದಕ್ಕೇನು ಬರ. ಸುಣ್ಣ ಸೇರಿಸುವ ಮೊದಲಿನ ನೀಲಿ ನೀರನ್ನು ಒಂದು ಗೆರಟೆಯಲ್ಲಿ ತೆಗೆದು, ಎಣ್ಣೆ ಜಿಡ್ಡು ಒರೆಸಿದ ಅಲಗಿನ ಮೇಲೆ ಕಡ್ಡಿಯಿಂದ ಹನಿ ಇಡುವುದು. ಬರೇ ಕಬ್ಬಿಣ, ಇಂಗಾಲದ ಉಕ್ಕು ಆದರೆ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಆಚಾರಿಯವರ ಕತ್ತಿ ನೋಡುತ್ತಿದ್ದಂತೆ ಕೆಂಪಗಾಯಿತು, ಅಜ್ಜನ ಚೂರಿಯ ಮೋಟೂ ಹಾಗೆಯೇ. ಸಂತೆಯದ್ದು ಮತ್ತು 8ಸಿಆರ್ ಸುಮ್ಮನಿದ್ದವು. ಡಿ2ರಲ್ಲಿ ಆಗ ತಾನೇ ಪಾಲಿಷ್ ಕಾಗದದಿಂದ ಉಜ್ಜಿದ ಜಾಗಕ್ಕೆ ಮಾತ್ರ ನಸುಗೆಂಪು ಹತ್ತಿತು. ಇದರಲ್ಲಿ ಮೊದಲ ಕೆಲವು ಸೆಕೆಂಡು ಮಾತ್ರ ಲೆಕ್ಕ. ಹೆಚ್ಚು ಹೊತ್ತು ಬಿಟ್ಟರೆ 13 ಕ್ರೋಮಿಯಂನ ಉಕ್ಕೂ ಕೆಂಪು ತೋರಿಸಬಹುದು. ಹನಿ ಇಟ್ಟ ಜಾಗವನ್ನು ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು, ಮೈಲುತುತ್ತು ಹೊಟ್ಟೆಗೆ ಹೋಗುವ ವಸ್ತುವಲ್ಲ.

ಇದರಲ್ಲೇ ಇನ್ನೊಂದು ವಿಷಯವೂ ಅಡಗಿದೆ. ಬೋರ್ಡೋ ಕೆಲಸದ ದಿನ ಕಿಸೆಯ ಚೂರಿಯಿಂದ ಮೈಲುತುತ್ತಿನ ಚೀಲ ಬಿಚ್ಚಿ ಹಾಗೇ ಮಡಚಿಟ್ಟರೆ ಇಂಗಾಲದ ಉಕ್ಕಿನ ಬಾಯಿ ಮರುದಿನಕ್ಕೆ ತಿಂದುಹೋಗಿರುತ್ತದೆ. ಆ ಕೆಲಸಕ್ಕೆ ಸಂತೆಯ ಚೂರಿಯೇ ಸರಿ.

ಗ್ರೈಂಡರಿಗೆ ಅಲಗಿನ ಬೆನ್ನನ್ನು ಕ್ಷಣಮಾತ್ರ ತಾಗಿಸಿ ಕಿಡಿಯನ್ನೂ ನೋಡಿದೆ. ಸ್ಪ್ರಿಂಗ್ ಪಟ್ಟಿಯ ಕತ್ತಿಯಿಂದ ಬಿಳಿಹಳದಿ ಕಿಡಿ, ತುದಿಯಲ್ಲಿ ಕವಲೊಡೆದು ಸಿಡಿಯುವಂಥದ್ದು. ಡಿ2ರದ್ದು ಗಿಡ್ಡ, ಕಿತ್ತಳೆ ಬಣ್ಣ. ಹೊಸ ಅರವನ್ನು ಬೆನ್ನಿಗೆ ಎಳೆದು ನೋಡಿದಾಗ ಸಂತೆಯದ್ದಕ್ಕೆ ಸಲೀಸಾಗಿ ಕಚ್ಚಿತು, 8ಸಿಆರ್‌ಗೆ ಕಷ್ಟಪಟ್ಟು ಕಚ್ಚಿತು, ಡಿ2ರ ಮೇಲೆ ಜಾರಿ ಹೋಯಿತು. ಅಲ್ಲಿಗೆ ಡಿ2 ಡುಪ್ಲಿಕೇಟ್ ಅಲ್ಲ ಎಂದಾಯಿತು, ಕಾಯಿಸಿ ಗಡಸು ಮಾಡುವ ಹದವೂ ಸರಿಯಾಗಿಯೇ ಬಿದ್ದಿದೆ. ಹಾಗಾದರೆ ಬಾಯಿ ಯಾಕೆ ಬರುವುದಿಲ್ಲ?

ಹಲಗೆಯ ಮೇಲೆ ಸಿಕ್ಕಿದ ಉತ್ತರ

ನಮ್ಮಲ್ಲಿ ಕತ್ತಿ ಮಸೆಯುವುದು ಹಲಗೆಯ ಮೇಲೆ. ಉದ್ದದ ಮರದ ಹಲಗೆಗೆ ಬೆಣಚುಕಲ್ಲಿನ ನುಣ್ಣನೆ ಹುಡಿ ಉದುರಿಸಿ, ಅಲಗನ್ನು ಚಪ್ಪಟೆ ಇಟ್ಟು ಹಿಂದೆ ಮುಂದೆ ಎಳೆಯುವುದು. ಕಳ್ಳು ಇಳಿಸುವ ಮೂರ್ತೆಯವರ ಕತ್ತಿ, ಅಡಿಕೆ ಕೊಯ್ಯುವವರ ಕತ್ತಿ ಎಲ್ಲ ಹೀಗೆಯೇ ಕೂದಲು ಬೋಳಿಸುವಷ್ಟು ಹರಿತವಾಗುತ್ತವೆ. ತಮ್ಮ ಡಿ2 ಮಸೆದದ್ದೂ ಇದರ ಮೇಲೆಯೇ.

ಗಡಸುತನವನ್ನು ವಿಕರ್ಸ್ ಎಂಬ ಅಳತೆಯಲ್ಲಿ ಇಟ್ಟು ನೋಡಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಬೆಣಚುಕಲ್ಲು ಸುಮಾರು 1100. ಒಳ್ಳೆಯ ಹದ ಬಿದ್ದ ಉಕ್ಕು, ಅಂದರೆ ಉಕ್ಕಿನ ಗಡಸುತನಕ್ಕೆ ಬಳಸುವ ರಾಕ್‌ವೆಲ್ ಎಂಬ ಇನ್ನೊಂದು ಅಳತೆಯಲ್ಲಿ 60ರದ್ದು, ಸುಮಾರು 700. ಹಾಗಾಗಿ ಹುಡಿ ಉಕ್ಕನ್ನು ಕೊರೆಯುತ್ತದೆ. ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಹೆಚ್ಚೆಂದರೆ 0.6ರ ಆಸುಪಾಸು, ಉಳಿದದ್ದು ಸಿಲಿಕಾನ್, ಮ್ಯಾಂಗನೀಸ್ ಇತ್ಯಾದಿ; ಹುಡಿಗೆ ಎದುರು ನಿಲ್ಲುವ ಕಾಳುಗಳೇ ಇಲ್ಲ. ಆದರೆ ಕ್ರೋಮಿಯಂ ಕಾರ್ಬೈಡ್ ಸುಮಾರು 1500. ಬೆಣಚುಕಲ್ಲಿಗಿಂತ ಅದೇ ಗಟ್ಟಿ! 8ಸಿಆರ್‌ನಲ್ಲಿ ಈ ಕಾಳುಗಳು ಸಣ್ಣವು, ಕಡಿಮೆ. ಹಲಗೆಯ ಮೇಲೆ ಹೊತ್ತು ಹಿಡಿದರೂ ಕೆಲಸ ಆಗುತ್ತದೆ. ಡಿ2ರಲ್ಲಿ ಅವು ದಪ್ಪ, ಬೇಕಾದಷ್ಟಿವೆ. ಹುಡಿ ಸುತ್ತಲಿನ ಉಕ್ಕನ್ನು ಮಾತ್ರ ಕೆರೆದು ತೆಗೆಯುತ್ತದೆ, ಕಾಳುಗಳು ಹಾಗೇ ನಿಲ್ಲುತ್ತವೆ ಅಥವಾ ಬುಡ ಸಡಿಲಾಗಿ ಉದುರುತ್ತವೆ. ಬಾಯಿ ಹೊಳೆಯುತ್ತದೆ, ಹರಿತ ಮಾತ್ರ ಇಲ್ಲ.

ಅದೇ ಡಿ2ನ್ನು ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಂ ಕಲ್ಲಿಗೆ ಹಾಕಿದೆ. ಅದರ ಸಿಲಿಕಾನ್ ಕಾರ್ಬೈಡ್ ಸುಮಾರು 2500. ಒರಟು ಮುಖದಲ್ಲಿ ನೀರು ಬಿಟ್ಟುಕೊಂಡು ಎಳೆದು, ನುಣ್ಣನೆ ಮುಖದಲ್ಲಿ ಮುಗಿಸಿದ ಮೇಲೆ ಅದೇ ಚೂರಿ ನ್ಯೂಸ್‌ಪೇಪರನ್ನು ಸದ್ದಿಲ್ಲದೆ ಸೀಳಿತು. ತಮ್ಮ ಎರಡು ಮೂರು ಹಾಳೆ ಪೇಪರು ಹಾಳು ಮಾಡಿ ನೋಡಿ, “ಕಲ್ಲು ಎಲ್ಲಿಂದ ತಂದದ್ದು?” ಎಂದಷ್ಟೇ ಕೇಳಿದ.

ಅಗ್ಗದ ಚೂರಿ ಕೊಳ್ಳುವವರು ಅಲಗಿನ ಉಕ್ಕು ಯಾವುದು ಎಂದು ಕೇಳುತ್ತಾರೆ. ಮನೆಯಲ್ಲಿ ಮಸೆಯುವ ಕಲ್ಲು ಯಾವುದು ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದು. ಹಲಗೆ ಮತ್ತು ಹುಡಿ ಮಾತ್ರ ಇರುವ ಮನೆಗೆ ಡಿ2 ದಂಡ. ಐದಾರು ಪಟ್ಟು ಅಗ್ಗದ ಸಂತೆಯ ಚೂರಿ ಅಲ್ಲಿ ಹೆಚ್ಚು ದಿನ ಹರಿತವಾಗಿರುತ್ತದೆ, ಯಾಕೆಂದರೆ ಅದನ್ನು ಹರಿತ ಮಾಡಲು ಆಗುತ್ತದೆ. ಮೆತ್ತನೆ ಉಕ್ಕು ಅಂದಕೂಡಲೆ ಮೂಗು ಮುರಿಯಬೇಕಾಗಿಯೂ ಇಲ್ಲ. ವಿಕ್ಟೋರಿನಾಕ್ಸ್‌ನವರು ತಮ್ಮ ಕಿಸೆಚೂರಿಗಳ ಅಲಗನ್ನು ರಾಕ್‌ವೆಲ್ 56ರ ಸುಮಾರಿಗೆ ಬೇಕೆಂದೇ ಇಡುತ್ತಾರೆ. ತುಕ್ಕು ಹಿಡಿಯಬಾರದು, ಬಾಯಿ ಚಕ್ಕೆ ಏಳಬಾರದು, ಯಾರ ಮನೆಯ ಕಲ್ಲಿನಲ್ಲಾದರೂ ಮಸೆಯಲು ಬರಬೇಕು.

ಬಾಳಿಕೆ ನೋಡಲು ಒಣ ಅಡಿಕೆ ಹಾಳೆಯನ್ನು ಉದ್ದುದ್ದ ಸೀಳಿದೆ. ತಾಳೆ ಜಾತಿಯ ಮರಗಳ ಅಂಗಾಂಶದಲ್ಲಿ ಸಿಲಿಕಾದ ಸೂಕ್ಷ್ಮ ಕಣಗಳಿರುತ್ತವೆ, ಮೇಲಿಂದ ತೋಟದ ಮಣ್ಣೂ ಅಂಟಿರುತ್ತದೆ. ಬಾಯಿ ಸವೆಸಲು ಇದಕ್ಕಿಂತ ಒಳ್ಳೆಯದು ಬೇಡ. ಸಂತೆಯದ್ದು ಬೇಗ ಸೋತಿತು, 8ಸಿಆರ್ ಅದರ ಮೇಲೆ ಒಳ್ಳೆಯ ಅಂತರದಲ್ಲಿ ನಿಂತಿತು, ಡಿ2 ಎಲ್ಲಕ್ಕಿಂತ ಮುಂದೆ ಹೋಯಿತು. ಹುಡಿಗೆ ಬಗ್ಗದ ಕಾಳುಗಳೇ ಇಲ್ಲಿ ಹಾಳೆಯ ಸಿಲಿಕಾಕ್ಕೂ ಬಗ್ಗಲಿಲ್ಲ. ಮಸೆಯಲು ಕಷ್ಟ, ಸವೆಯಲೂ ಕಷ್ಟ. ಎರಡಕ್ಕೂ ಕಾರಣ ಒಂದೇ.

ಹಿಂಬದಿಯ ದಪ್ಪ

8ಸಿಆರ್ ಚೂರಿ ಹರಿತವಾದ ಮೇಲೂ ಹಸಿ ಮಾವಿನಕಾಯಿ ಹೋಳು ಮಾಡುವಾಗ ಸೀಳಿದಂತೆ ಆಗುತ್ತಿತ್ತು, ಕೊಯ್ದಂತೆ ಅಲ್ಲ. ವರ್ನಿಯರ್ ಇಟ್ಟು ನೋಡಿದರೆ ಬಾಯಿಯ ಹಿಂಬದಿಯಲ್ಲೇ ಅಲಗು 0.8 ಮಿಲಿಮೀಟರ್ ದಪ್ಪ. ಸಂತೆಯ ಚೂರಿ ಅದೇ ಜಾಗದಲ್ಲಿ 0.4. ಬಡಪಾಯಿ ಉಕ್ಕಾದರೂ ಅದು ಚೆನ್ನಾಗಿ ಕೊಯ್ಯುವುದರ ಗುಟ್ಟು ಇಷ್ಟೇ. ಉಕ್ಕನ್ನು ನಾವು ಬದಲಿಸಲಾಗದು, ದಪ್ಪವನ್ನು ಬದಲಿಸಬಹುದು.

ಗ್ರೈಂಡರಿಗೆ ಕೊಡದೆ ಕಾರ್ಬೊರಂಡಂ ಕಲ್ಲಿನ ಒರಟು ಮುಖದಲ್ಲೇ ಅಲಗನ್ನು ಬಹುತೇಕ ಮಲಗಿಸಿ, ನೀರು ಸುರಿಯುತ್ತಾ 0.45ಕ್ಕೆ ಇಳಿಸಿದೆ. ಭುಜ ನೋಯುವ ಕೆಲಸ. ಆದರೆ ತೆಳು ಬಾಯಿ ಗ್ರೈಂಡರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುತ್ತದೆ. ಬಣ್ಣ ಬಂತೆಂದರೆ ಹದ ಹೋಯಿತು, ಮತ್ತೆ ಹದ ಹಾಕಲು ಸ್ಟೇನ್‌ಲೆಸ್‌ಗೆ ಸಾವಿರ ಡಿಗ್ರಿಗೂ ಮೇಲಿನ ಶಾಖ ಹಿಡಿದಿಡುವ ಕುಲುಮೆ ಬೇಕು, ಆಚಾರಿಯವರ ಇದ್ದಿಲ ಒಲೆಯಲ್ಲಿ ಅದಾಗದು. ಕಾರ್ಖಾನೆಯಲ್ಲಿ ಒಣ ಬೆಲ್ಟಿನ ಮೇಲೆ ಗಡಿಬಿಡಿಯಲ್ಲಿ ಬಾಯಿ ತೆಗೆದ ಅಗ್ಗದ ಚೂರಿಗಳೂ ಹೀಗೆ ತುದಿಯಲ್ಲಿ ಸ್ವಲ್ಪ ಬೆಂದಿರುತ್ತವೆ. ಹೊಸ ಚೂರಿ ಬೇಗ ಮೊಂಡಾಯಿತೆಂದು ಬಿಸಾಡಬೇಡಿ. ಕೆಲವು ಸಲ ಮಸೆದು ಆ ಬೆಂದ ಪದರ ಹೋದ ಮೇಲೆ ನಿಜವಾದ ಉಕ್ಕು ಸಿಗುತ್ತದೆ.

ಸಂತೆಯದ್ದಕ್ಕೆ ಇನ್ನೊಂದು ಚಾಳಿ. ಮಸೆದಾಗ ತುದಿಯಲ್ಲಿ ತೆಳು ತಂತಿಯಂತೆ ಉಕ್ಕು ಮಡಚಿಕೊಂಡು ನಿಲ್ಲುತ್ತದೆ, ಬೆರಳಿಗೆ ಹರಿತ ಅನಿಸುತ್ತದೆ, ಒಂದು ಹಗ್ಗ ಕೊಯ್ದರೆ ಮುಗಿಯಿತು. ಕೊನೆಯಲ್ಲಿ ಭಾರ ಹಾಕದೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಎಳೆದು, ಹಳೆ ಚರ್ಮದ ಬೆಲ್ಟಿನ ಒಳಮೈಗೆ ಒರೆಸಿದರೆ ಅದು ಬಿದ್ದುಹೋಗುತ್ತದೆ.

ಅಜ್ಜನ ಹಿಡಿಗೆ ಹೊಸ ಅಲಗು

ನಿಜವಾಗಿ ಖುಷಿ ಕೊಟ್ಟದ್ದು ಈ ಕೆಲಸ. ಬೆನ್ನಿಗೆ ಸ್ಪ್ರಿಂಗ್ ಇಲ್ಲದ ಹಳೇ ಮಾದರಿ: ಆಣಿಯ ಬಿಗಿತದ ಮೇಲೆಯೇ ಅಲಗು ನಿಲ್ಲುವುದು, ಬಿಚ್ಚಿದಾಗ ಅಲಗಿನ ಬಾಲ ಹೆಬ್ಬೆರಳಿನ ಅಡಿಗೆ ಬರುವುದು. ಹೀಗಾಗಿ ಅಲಗು ಬದಲಿಸುವುದು ಮನೆಯಲ್ಲೇ ಆಗುವ ಕೆಲಸ.

ಚೆರ್ಕಳದ ಒಂದು ವರ್ಕ್‌ಶಾಪಿನ ಗುಜರಿಯಿಂದ ಕಬ್ಬಿಣ ಕೊಯ್ಯುವ ಮೆಷಿನ್ ಹ್ಯಾಕ್‌ಸಾದ ಮುರಿದ ಬ್ಲೇಡು ತಂದೆ. ಹೈ ಸ್ಪೀಡ್ ಸ್ಟೀಲ್. ಇದರ ಎಂ2 ಎಂಬ ಜಾತಿಯಲ್ಲಿ ಇಂಗಾಲ ಸುಮಾರು 0.85, ಟಂಗ್‌ಸ್ಟನ್ 6, ಮಾಲಿಬ್ಡಿನಂ 5, ಕ್ರೋಮಿಯಂ 4, ವನೇಡಿಯಂ 2. ತರುವ ಮೊದಲು ಒಂದು ನೋಡಿಕೊಳ್ಳಬೇಕು. ಈಗಿನ ಎಷ್ಟೋ ಬ್ಲೇಡುಗಳಲ್ಲಿ ಹಲ್ಲಿನ ಅಂಚು ಮಾತ್ರ ಹೈ ಸ್ಪೀಡ್, ಬೆನ್ನು ಬೇರೆ ಉಕ್ಕು. ಹಲ್ಲಿನ ಕಡೆ ಮತ್ತು ಬೆನ್ನಿನ ಕಡೆ ಎರಡೂ ಕಿಡಿ ತೆಗೆದು ನೋಡಿದೆ. ಎರಡರಲ್ಲೂ ಸಿಡಿಯದ, ಮಬ್ಬು ಕೆಂಪಿನ ಸಣ್ಣ ಗೆರೆಗಳೇ ಬಂದವು. ಬೆನ್ನಿನಲ್ಲಿ ಬಿಳಿ ಹೂಕಿಡಿ ಬಂದಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆ.

ಆಚಾರಿಯವರಿಗೆ ತೋರಿಸಿದಾಗ ಅವರು ಬ್ಲೇಡನ್ನು ಉಗುರಿನಿಂದ ತಟ್ಟಿ ಸದ್ದು ಕೇಳಿ, “ಇದನ್ನ ಮಾತ್ರ ಒಲೆಗೆ ಹಾಕ್ಬೇಡಿ ಭಟ್ರೇ. ಅರೆದೇ ಮಾಡಿ. ಹಾಕಿದ್ರೆ ನಂಗೂ ಕೆಲಸ ಇಲ್ಲ, ನಿಮ್ಗೂ ಚೂರಿ ಇಲ್ಲ” ಅಂದರು. ಲೆಕ್ಕವೂ ಅದನ್ನೇ ಹೇಳುತ್ತದೆ. ಹೈ ಸ್ಪೀಡ್ ಉಕ್ಕಿಗೆ ಹದ ಹಾಕುವುದು 1200 ಡಿಗ್ರಿಯ ಹತ್ತಿರ. ಆದರೆ ಒಮ್ಮೆ ಹದ ಬಿದ್ದರೆ 500 ಡಿಗ್ರಿ ದಾಟಿದರೂ ಅದು ಗಡಸುತನ ಬಿಡುವುದಿಲ್ಲ, ಅದಕ್ಕೆಂದೇ ಟಂಗ್‌ಸ್ಟನ್, ಮಾಲಿಬ್ಡಿನಂ. ಹಾಗಾಗಿ ಆ್ಯಂಗಲ್ ಗ್ರೈಂಡರಿನ ತೆಳು ಚಕ್ರದಲ್ಲಿ ಆಕಾರ ಕೊಯ್ದು, ಬೆಂಚ್ ಗ್ರೈಂಡರಿನಲ್ಲಿ ಓರೆ ತೆಗೆಯಲು ಹೆದರಬೇಕಾಗಿಲ್ಲ. ಕೆಂಪಗೆ ಕಾದದ್ದನ್ನು ತಟ್ಟನೆ ನೀರಿಗೆ ಅದ್ದಬಾರದು ಅಷ್ಟೇ, ಕಣ್ಣಿಗೆ ಕಾಣದ ಸೀಳು ಬಿದ್ದೀತು. ಕೈಗೆ ಬಿಸಿ ತಾಗಿದಾಗಲೆಲ್ಲ ನಿಲ್ಲಿಸುತ್ತಾ ಹೋದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕದೆ ಈ ಕೆಲಸಕ್ಕೆ ಕೂರಬಾರದು.

ತೂತು ಕೊರೆಯುವುದು ಆಗದ ಮಾತು. ಡ್ರಿಲ್ ಬಿಟ್ ಕೂಡ ಇದೇ ಉಕ್ಕು. ಅದಕ್ಕೆ ಬ್ಲೇಡಿನ ತುದಿಯಲ್ಲಿ ಮೆಷಿನ್‌ಗೆ ಸಿಕ್ಕಿಸಲೆಂದು ಇರುವ ತೂತನ್ನೇ ಆಣಿಯ ಜಾಗವಾಗಿ ಇಟ್ಟುಕೊಂಡು ಉಳಿದ ಆಕಾರವನ್ನು ಅದರ ಸುತ್ತ ಬರೆದೆ. ತೂತು 8 ಮಿಲಿಮೀಟರ್, ಆಣಿ 4. ನಡುವೆ ಹಿತ್ತಾಳೆಯ ಉಂಗುರದಂಥ ಬುಶ್ ಕೂರಿಸಿದೆ, ಅಲಗಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಎತ್ತರವಿಟ್ಟು. ಹಾಗಾದರೆ ಹಿಡಿ ಎಷ್ಟೇ ಬಿಗಿದರೂ ಅಲಗು ಪೂರ್ತಿ ಜಾಮ್ ಆಗುವುದಿಲ್ಲ.

ಹಿಡಿಯೊಳಗಿನ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿದ್ದವು. ಬೈನೆಯ ಮರವನ್ನು ಬೇರ್ಪಡಿಸಿ ಪಟ್ಟಿಗಳನ್ನು ಜಜ್ಜಿದ ಬಿಂಬುಳಿಯಲ್ಲಿ ಮುಳುಗಿಸಿಟ್ಟೆ. ಬಿಂಬುಳಿಯ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳ. ತುಕ್ಕನ್ನು ಕರಗಿಸುವುದರಲ್ಲಿ ಅದಕ್ಕೆ ಪಳಗಿದ ಕೈ. ಮರದಡಿ ಉದುರಿ ಕೊಳೆಯುವ ಕಾಯಿಗೆ ಇದಕ್ಕಿಂತ ಒಳ್ಳೆಯ ಗತಿ ಇನ್ನೇನು ಬೇಕು. ಬ್ರಷ್ಷಿನಲ್ಲಿ ಉಜ್ಜಿ, ಸೋಪು ನೀರಿನಲ್ಲಿ ತೊಳೆದು, ಬಿಸಿಲಿಗೆ ಇಟ್ಟು, ಬಿಸಿ ಇರುವಾಗಲೇ ತೆಂಗಿನೆಣ್ಣೆ ಹಚ್ಚಿದೆ.

ಆಣಿ ಬಡಿಯುವಾಗ ಅಲಗಿನ ಎರಡೂ ಬದಿಗೆ ಎಣ್ಣೆ ನೆನೆಸಿದ ಕಾಗದದ ಬಿಲ್ಲೆ ಇಟ್ಟುಕೊಂಡೆ. ಉರುಟು ತಲೆಯ ಸುತ್ತಿಗೆಯಿಂದ ಹಿತ್ತಾಳೆಯ ತಲೆಯನ್ನು ಸುತ್ತಲೂ ಹಗುರವಾಗಿ ತಟ್ಟಿ ಹರಡಿ, ಆಮೇಲೆ ಕಾಗದ ಹರಿದು ತೆಗೆದರೆ ಬೇಕಾದಷ್ಟೇ ಎಡೆ ಉಳಿಯುತ್ತದೆ. ಮೊದಲು ಬಿಗಿ ಸಾಲಲಿಲ್ಲ, ಇನ್ನು ನಾಲ್ಕು ಪೆಟ್ಟು ಕೊಟ್ಟ ಮೇಲೆ ಸರಿಯಾಯಿತು.

ಬಾಯಿಯನ್ನು ಒಂದೊಂದು ಬದಿಗೆ 20 ಡಿಗ್ರಿಯಷ್ಟೇ ಇಟ್ಟೆ. ರಾಕ್‌ವೆಲ್ 63, 64ರ ಉಕ್ಕನ್ನು ಅದಕ್ಕಿಂತ ತೆಳು ಮಾಡಿದರೆ ಚಕ್ಕೆ ಏಳುತ್ತದೆ. ಇದು ಮೀಟಲಿಕ್ಕೂ ಅಲ್ಲ, ಗೆರಟೆಯಿಂದ ಕೊಬ್ಬರಿ ಎಬ್ಬಿಸಲಿಕ್ಕೂ ಅಲ್ಲ. ಹಗ್ಗ, ಡ್ರಿಪ್ ಪೈಪು, ಹಾಳೆ, ಕಸಿಯ ಕಡ್ಡಿ ಇವಕ್ಕೆ ಮಾತ್ರ. ಹಾಳೆ ಸೀಳುವುದರಲ್ಲಿ ಡಿ2ನ್ನೂ ಹಿಂದೆ ಹಾಕಿತು; ವನೇಡಿಯಂ ಕಾರ್ಬೈಡ್‌ನ ಗಡಸುತನ ವಿಕರ್ಸ್‌ನಲ್ಲಿ 2600ಕ್ಕೂ ಮೇಲೆ. ಬೆಣಚಿನ ಹುಡಿ ಇದಕ್ಕೂ ಸಾಲದು, ಕಾರ್ಬೊರಂಡಂ ಕಲ್ಲೇ ಬೇಕು.

ಮಳೆಗಾಲದ ಹಂಚಿಕೆ

ಕ್ರೋಮಿಯಂ 4 ಮಾತ್ರ ಇರುವ ಅಜ್ಜನ ಚೂರಿ ತುಕ್ಕಿಗೆ ತೆರೆದ ಬಾಗಿಲು. ಹಸಿ ಅಡಿಕೆಯ ಚೊಗರು ತಾಗಿ ಈಗಾಗಲೇ ಕಪ್ಪಗಾಗಿದೆ. ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಆ ಕಪ್ಪನ್ನು ಉಜ್ಜಿ ತೆಗೆಯುವುದಿಲ್ಲ, ಅದು ಕೆಂಪು ತುಕ್ಕಿಗಿಂತ ವಾಸಿ. ರಾತ್ರಿ ಒರೆಸಿ ಒಂದು ಹನಿ ತೆಂಗಿನೆಣ್ಣೆ. ಡಿ2ಕ್ಕೆ ಚುಕ್ಕೆ ಚುಕ್ಕೆಯಾಗಿ ಕೊರೆಯುವ ತುಕ್ಕು ಬರುತ್ತದೆ, ಗಮನಿಸದಿದ್ದರೆ ಬಾಯಿಯಲ್ಲೇ ಗುಳಿ ಬೀಳುತ್ತದೆ, ಆದ್ದರಿಂದ ಮಳೆ ನಿಲ್ಲುವ ತನಕ ಅದಕ್ಕೆ ಮನೆಯೊಳಗೆ ಪಾರ್ಸೆಲ್ ಬಿಚ್ಚುವ ಕೆಲಸ. 8ಸಿಆರ್ ನನ್ನ ಕಿಸೆಗೆ. ಹಲಸಿನ ಮೇಣ, ಮೈಲುತುತ್ತಿನ ಚೀಲ, ಕೆಸರಿನಲ್ಲಿ ಬಿದ್ದು ಎರಡು ದಿನ ಸಿಗದೆ ಹೋಗುವ ಯೋಗ, ಇವೆಲ್ಲ ಇರುವ ತೋಟದ ಕೆಲಸಕ್ಕೆ ಸಂತೆಯ ಹಸಿರು ಹಿಡಿಯದ್ದು. ತಮ್ಮ ಅದನ್ನೇ ಆರಿಸಿಕೊಂಡ, ಹಲಗೆ ಅವನ ಕೋಣೆಯ ಹೊರಗೇ ಇದೆ.